ಕಣ್ಣಿನ ಕಾಡಿಗೆ ಬಿಡಿಸಲು ಅಡುಗೆಮನೆ ಎಣ್ಣೆ

ಮೊಮ್ಮಗಳ ದಿಂಬಿನ ಕವರ್ ಮೇಲೆ ಬೆಳಗ್ಗೆ ಎದ್ದು ನೋಡಿದರೆ ಎರಡು ಕಪ್ಪು ಕಲೆ. ರಾತ್ರಿ ಮದುವೆಮನೆಯಿಂದ ಬಂದವಳು ಸೋಪು ಹಾಕಿ ಮುಖ ತೊಳೆದೇ ಮಲಗಿದ್ದಳು. "ಇದು ವಾಟರ್‌ಪ್ರೂಫ್ ಅಜ್ಜಿ, ಎಷ್ಟು ಉಜ್ಜಿದ್ರೂ ಹೋಗಲ್ಲ" ಅಂದಳು. ಉಜ್ಜಿ ಉಜ್ಜಿ ಕಣ್ಣು ಕೆಂಪಾಗಿತ್ತು. ನೀರಿಗೆ ಹೋಗಬಾರದು ಅಂತಲೇ ಮಾಡಿದ್ದು ನೀರಿಗೆ ಹೋಗು ಅಂದರೆ ಹೋಗುತ್ತದಾ?

ಈ ಪೆನ್ಸಿಲ್ ಕಾಡಿಗೆ, ರೆಪ್ಪೆಗೂದಲಿಗೆ ಬಳಿಯುವ ಮಸ್ಕಾರಗಳಲ್ಲಿ ಮೇಣ ಇರುತ್ತದೆ. ನಮ್ಮ ಕರಾವಳಿಯವರಿಗೆ ಮೇಣ ಅಂದರೆ ಮೊದಲು ನೆನಪಾಗುವುದು ಹಲಸು. ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಳ್ಳುತ್ತೇವೆ. ಮೇಣ ಮೆತ್ತಿಕೊಂಡರೆ ತೆಗೆಯುವುದೂ ಅದೇ ಎಣ್ಣೆಯಿಂದ. ಹಲಸಿನ ಮೇಣವೇ ಬೇರೆ, ಕಾಡಿಗೆಯ ಮೇಣವೇ ಬೇರೆ. ಆದರೆ ಎರಡೂ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸೋಲುತ್ತವೆ.

ನಾನಿದನ್ನು ಮೊದಲು ನೋಡಿದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ. ಚಿಕ್ಕವಳಿದ್ದಾಗ ಬೆಳಗಿನ ಜಾವ ಆಟ ಮುಗಿದ ಮೇಲೆ ಬಾಗಿಲ ಸಂದಿಯಲ್ಲಿ ನಿಂತು ಇಣುಕುತ್ತಿದ್ದೆ. ರಾತ್ರಿಯಿಡೀ ಕುಣಿದ ವೇಷಧಾರಿಗಳು ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆಲ್ಲ ಸವರಿ ಸುಮ್ನೆ ಕೂತಿರುತ್ತಿದ್ದರು. ಬೀಡಿ ಸೇದುವವರು ಸೇದುತ್ತಿದ್ದರು. ಅಷ್ಟು ಹೊತ್ತಿಗೆ ಕೆಂಪು, ಹಳದಿ, ಕಪ್ಪು ಎಲ್ಲ ಸಡಿಲವಾಗಿ ಒಂದರೊಳಗೊಂದು ಸೇರಿರುತ್ತಿತ್ತು. ಆಮೇಲೆ ಹಳೇ ಬಟ್ಟೆಯಲ್ಲಿ ಒಂದೇ ಸಲ ಒರೆಸಿದರೆ ಒಳಗಿನ ಮನುಷ್ಯ ಹೊರಗೆ ಬರುತ್ತಿದ್ದ. ಉಜ್ಜಿದ್ದನ್ನು ನಾನು ನೋಡಿದ್ದೇ ಇಲ್ಲ.

ಈಗ ಮನೆಯಲ್ಲಿ ನಾನು ಮಾಡಿಡುವುದು ಹೀಗೆ. ನಾಲ್ಕು ಟೀ ಚಮಚ ಒಳ್ಳೇ ತೆಂಗಿನೆಣ್ಣೆಗೆ ಒಂದು ಚಮಚ ಹರಳೆಣ್ಣೆ. ಅಷ್ಟೇ. ಬರೀ ತೆಂಗಿನೆಣ್ಣೆ ತೀರಾ ತೆಳು, ರೆಪ್ಪೆಯ ಮೇಲೆ ನಿಲ್ಲದೆ ಕಣ್ಣೊಳಗೆ ಇಳಿಯುತ್ತದೆ. ಹರಳೆಣ್ಣೆ ಸ್ವಲ್ಪ ಸೇರಿದರೆ ಅದಕ್ಕೊಂದು ಹಿಡಿತ ಬರುತ್ತದೆ. ಜಾಸ್ತಿ ಹಾಕಿದರೆ ಮಾತ್ರ ಅಂಟಂಟು, ಒರೆಸಿದಷ್ಟೂ ಮುಗಿಯುವುದಿಲ್ಲ. ತೆಂಗಿನೆಣ್ಣೆ ಅಡುಗೆಗೆ ಬಳಸುವಂಥದ್ದೇ ಆಗಿರಲಿ, ಪರಿಮಳ ಹಾಕಿದ ತಲೆ ಎಣ್ಣೆ ಬೇಡ. ತೆಂಗಿನೆಣ್ಣೆಯಿಂದ ಮುಖದಲ್ಲಿ ಮೊಡವೆ ಏಳುವವರು ಬಾದಾಮಿ ಎಣ್ಣೆ ತಗೊಳ್ಳಬಹುದು. ಆದರೆ ಬಾಟಲಿಯ ಹಿಂದೆ ಓದಿ ನೋಡಿ. ಬಾದಾಮಿ ಹೆಸರಿನ ತಲೆ ಎಣ್ಣೆಗಳಲ್ಲಿ ಬಾದಾಮಿಗಿಂತ ಬೇರೆಯದೇ ಜಾಸ್ತಿ ಇರುವುದುಂಟು. ಸಾಸಿವೆ ಎಣ್ಣೆಯನ್ನಂತೂ ಕಣ್ಣಿನ ಹತ್ತಿರ ತರಲೇಬೇಡಿ, ಉರಿಯುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ತೆಂಗಿನೆಣ್ಣೆ ಗಟ್ಟಿಯಾದರೆ ಗಾಬರಿ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ. ಬಾಟಲಿಯನ್ನು ಐದು ನಿಮಿಷ ಬಿಸಿನೀರಲ್ಲಿ ನಿಲ್ಲಿಸಿದರೆ ಸಾಕು.

ಇನ್ನು ನಾನು ಕೆಟ್ಟ ಕಥೆಯನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ರಿಮೂವರ್ ನೋಡಿದ್ದೀರಲ್ಲ, ಕೆಳಗೆ ನೀರು, ಮೇಲೆ ಎಣ್ಣೆ, ಕುಲುಕಿ ಹಚ್ಚುವಂಥದ್ದು. ಅದನ್ನು ಮನೆಯಲ್ಲೇ ಮಾಡುತ್ತೇನೆ ಅಂತ ಅರ್ಧ ಗುಲಾಬಿನೀರು, ಅರ್ಧ ಎಣ್ಣೆ ಹಾಕಿ ಬಚ್ಚಲಿನ ಕಪಾಟಿನಲ್ಲಿ ಇಟ್ಟಿದ್ದೆ. ನೋಡಲು ಬಲು ಚಂದ ಇತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಎರಡರ ಮಧ್ಯೆ ಬಿಳಿ ಪೊರೆಯ ಥರ ಏನೋ ಕಟ್ಟಿತು. ಅದನ್ನು ನಾನು ಗಮನಿಸುವ ಮೊದಲೇ ಸೊಸೆ ಹಚ್ಚಿಕೊಂಡು ಆಗಿತ್ತು. ಮಾರನೇ ದಿನ ಕಣ್ಣು ಕೆಂಪು, ರೆಪ್ಪೆಗೆ ಪಿಸಿರು. ಕಣ್ಣಿನ ಡಾಕ್ಟರ ಹತ್ತಿರ ಓಡಿದ್ದಾಯಿತು. ಅವಳು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ಬೇಜಾರು.

ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಏನಾಗುತ್ತದೆ ಅಂತ ಗೊತ್ತಿದ್ದವಳು ನಾನು, ಇಲ್ಲಿ ಮರೆತೆ. ಕಂಪನಿಯವರು ನೀರು ಕೆಡದ ಹಾಗೆ ಅದಕ್ಕೆ ಬೇರೆ ಏನೇನೋ ಸೇರಿಸಿರುತ್ತಾರೆ. ನಮ್ಮ ಹತ್ತಿರ ಅದಿಲ್ಲ. ಹಾಗಾಗಿ ಬಾಟಲಿಗೆ ನೀರಿನ ಅಂಶವೇ ಬೇಡ. ಗುಲಾಬಿನೀರು, ಸೌತೆಕಾಯಿ ರಸ, ಲೋಳೆಸರ ಯಾವುದೂ ಬೇಡ. ಸಣ್ಣ ಗಾಜಿನ ಬಾಟಲಿಯನ್ನು ಕುದಿಸಿ, ಬಿಸಿಲಿಗೆ ಕವುಚಿ ಇಟ್ಟು, ಒಳಗೆ ಹನಿ ನೀರೂ ಇಲ್ಲ ಅಂತ ನೋಡಿಕೊಂಡು ಎಣ್ಣೆ ತುಂಬಿ. ಬೆರಳು ಅದ್ದಬೇಡಿ, ಸುರಿದುಕೊಳ್ಳಿ. ತಿಂಗಳಿಗೆ ಬೇಕಾದಷ್ಟು ಮಾತ್ರ ಮಾಡಿ. ಮುಗ್ಗಲು ವಾಸನೆ ಬಂತೋ, ಚೆಲ್ಲಿ.

ತೆಗೆಯುವ ಕ್ರಮ. ಲೆನ್ಸ್ ಹಾಕುವವರು ಮೊದಲು ಕೈ ತೊಳೆದು ಲೆನ್ಸ್ ತೆಗೆದಿಡಿ, ಎಣ್ಣೆ ತಾಗಿದರೆ ಅದು ಮಬ್ಬಾಗುತ್ತದೆ. ಒರೆಸಲು ಬಿಡಿ ಹತ್ತಿ ಬೇಡ, ಅದರ ಎಳೆ ಕಣ್ಣೊಳಗೆ ಹೋಗುತ್ತದೆ. ನಮ್ಮನೆಯವರ ಹಳೇ ಪಂಚೆಯನ್ನು ಅಂಗೈಯಗಲ ಹರಿದು, ಕುದಿಸಿ ಒಣಗಿಸಿ ಇಟ್ಟಿರುತ್ತೇನೆ. ಆ ಮೆದು ಬೇರೆ ಯಾವ ಬಟ್ಟೆಗೂ ಬರುವುದಿಲ್ಲ. ಅದಕ್ಕೆ ಐದಾರು ಹನಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಇಟ್ಟು ಮೂವತ್ತು ಎಣಿಸಿ. ಒತ್ತಬೇಡಿ. ಆಮೇಲೆ ಮೇಲಿನಿಂದ ಕೆಳಗೆ, ಕೂದಲು ಇಳಿಯುವ ದಿಕ್ಕಿನಲ್ಲಿ ಮೆಲ್ಲಗೆ ಎಳೆಯಿರಿ. ಬಟ್ಟೆ ಮೇಲೆ ಒಂದೊಂದು ಕೂದಲಿನ ಗುರುತೂ ಗೆರೆ ಗೆರೆಯಾಗಿ ಮೂಡಿದರೆ ಮಸ್ಕಾರ ಬಿಟ್ಟಿತು ಅಂತ ಲೆಕ್ಕ. ಇನ್ನೊಂದು ಕಣ್ಣಿಗೆ ಬೇರೆ ತುಂಡು. ಕೊನೆಗೆ ಉಗುರುಬೆಚ್ಚಗಿನ ನೀರಲ್ಲಿ ರೆಪ್ಪೆ ತೊಳೆದುಕೊಳ್ಳಿ, ಎಣ್ಣೆ ಹಾಗೇ ಬಿಟ್ಟು ಮಲಗಬೇಡಿ. ಸ್ವಲ್ಪ ಹೊತ್ತು ಕಣ್ಣು ಮಂಜು ಮಂಜಾದರೆ ಅದು ಎಣ್ಣೆಯ ಪೊರೆ. ಅಷ್ಟರಲ್ಲಿ ಸ್ಕೂಟರ್ ಹತ್ತಬೇಡಿ.

ಹೊಸದಾಗಿ ಹಚ್ಚುವವರು ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ ಒಂದು ದಿನ ಬಿಟ್ಟು ನೋಡಿ. ನಿಂಬೆರಸ, ಅಡುಗೆ ಸೋಡಾ ಹಾಕಿ ಅಂತ ಯಾರಾದರೂ ಹೇಳಿದರೆ ಅವರ ಕಣ್ಣಿಗೇ ಮೊದಲು ಹಾಕಿಕೊಳ್ಳಲಿ. ಕಣ್ಣು ಕೆಂಪಾಗಿ ನೋವಿದ್ದರೆ ಎಣ್ಣೆಯೂ ಬೇಡ, ಕಾಡಿಗೆಯೂ ಬೇಡ, ಡಾಕ್ಟರ್ ಹತ್ತಿರ ಹೋಗಿ.

ಆ ದಿಂಬಿನ ಕವರ್‌ಗೂ ದಾರಿ ಇದೆ. ನೀರು ತಾಗಿಸುವ ಮೊದಲೇ, ಒಣ ಬಟ್ಟೆಯ ಮೇಲೇ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಲ್ಲಿ ತಿಕ್ಕಿ ಕಾಲು ಗಂಟೆ ಬಿಡಿ. ಆಮೇಲೆ ಬಿಸಿನೀರಲ್ಲಿ ಹಿಂಡಿ. ಮೊಮ್ಮಗಳ ಕವರ್ ಎರಡನೇ ಸಲಕ್ಕೆ ಬೆಳ್ಳಗಾಯಿತು. ತೊಳೆದವಳು ಅವಳೇ.