ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ

"ಯಾರ ಮುಂದೆ?"

ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಇಷ್ಟೇ ಕೇಳಿದರು. "ಫಾದರ್, ನನಗೆ ಅಹಂಕಾರ ಜಾಸ್ತಿ" ಅಂತ ನಾನು ಹೇಳಿದ್ದೆ. ವರ್ಷಕ್ಕೆ ಎರಡು ಸಲ ಈ ಮಾತು ಹೇಳಿ, ಪ್ರಾಯಶ್ಚಿತ್ತಕ್ಕೆ ಕೊಟ್ಟ ಜಪ ಮುಗಿಸಿ, ಮನೆಗೆ ಬರುವುದು ನನಗೆ ರೂಢಿಯಾಗಿತ್ತು. ಯಾರೂ ಹಾಗೆ ತಿರುಗಿ ಕೇಳಿರಲಿಲ್ಲ. ಅಹಂಕಾರ ಇದೆ ಅನ್ನುವುದು ಸುಲಭ. ಇಂಥವರ ಮುಂದೆ ಅಂತ ಹೆಸರು ಹೇಳುವುದು ಕಷ್ಟ. ಹೊರಗೆ ಜೋರು ಮಳೆ ಸುರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ನಾನು ಎರಡು ಹೆಸರು ಹೇಳಿದೆ.

ಅದು ಜುಲೈ 26, ಸಂತ ಅನ್ನಮ್ಮನವರ ಹಬ್ಬದ ದಿನ. ಪೂಜೆಗೆಂದು ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿಗೆ ಹೋಗಿದ್ದೆ. ಗೊತ್ತಿಲ್ಲದ ಗುರುಗಳ ಹತ್ತಿರ ಹೇಳಿಕೊಳ್ಳುವುದು ಸಲೀಸು ಅಂತ ಅಲ್ಲೇ ಪಾಪನಿವೇದನೆಗೆ ಕೂತಿದ್ದೆ.

ಮೊದಲನೆಯ ಹೆಸರು ನಮ್ಮ ಚರ್ಚಿನ ಇನ್ನೊಬ್ಬ ಹಿರಿಯರದು. ನಮ್ಮದು ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಇರುವ ಸಣ್ಣ ಧರ್ಮಕೇಂದ್ರ. ಕೊಂಕಣಿಯವರು, ಮಲಯಾಳಿಗಳು, ತಮಿಳರು, ಎಲ್ಲರೂ ಇದ್ದೇವೆ. ಪೂಜೆ ಕನ್ನಡದಲ್ಲಿ. ಹೊಸ ಬೆಂಚು ಮಾಡಿಸಿದಾಗ ದಾನ ಕೊಟ್ಟ ಮನೆಯವರ ಹೆಸರನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ಹಾಕುವುದೆಂದು ತೀರ್ಮಾನವಾಯಿತು. ಮೊದಲ ಸಾಲಿನಲ್ಲಿ ನನ್ನ ಅಪ್ಪನ ಹೆಸರು ಬರಬೇಕೆಂದು ನಾನು ಹಟ ಹಿಡಿದೆ. ಅವರು ಅವರ ತಂದೆಯ ಹೆಸರಿಗೆ ಹಟ ಹಿಡಿದರು. ಸಮಿತಿಯಲ್ಲಿ ನಾನು ಎದ್ದು ನಿಂತು, "ನಮ್ಮ ಹಿರಿಯರು ಟಿಪ್ಪುವಿನ ಕಾಲದಿಂದ ಈ ಮಣ್ಣಿನಲ್ಲಿದ್ದಾರೆ" ಅಂದೆ. ಫಲಕ ನನ್ನ ಅಪ್ಪನದೇ ಬಂತು. ಆಮೇಲೆ ಮೂರು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ಎಲ್ಲರೂ ಅಕ್ಕಪಕ್ಕಕ್ಕೆ ತಿರುಗಿ ಕೈಮುಗಿಯುತ್ತಾರಲ್ಲ, ನಾನು ಬಲಕ್ಕೆ ಮಾತ್ರ ತಿರುಗುತ್ತಿದ್ದೆ. ಅವರು ಎಡಗಡೆ ಕೂರುತ್ತಿದ್ದರು.

ಎರಡನೆಯ ಹೆಸರು ಚರ್ಚನ್ನು ಗುಡಿಸಿ ಒರೆಸುವ ಹೆಂಗಸಿನದು. ಎಪ್ಪತ್ತರ ಹತ್ತಿರದ ವಯಸ್ಸು. ಹಿಂದಿನ ಭಾನುವಾರವಷ್ಟೇ, ಬಾಗಿಲ ಬಳಿ ನೀರು ನಿಂತಿದೆಯೆಂದು ಎಲ್ಲರ ಎದುರು ಅವರನ್ನು ಗದರಿದ್ದೆ. ಅಷ್ಟೂ ಜನರ ಕೊಡೆಯಿಂದ ಇಳಿದ ನೀರು ಅದು. ಅದರಲ್ಲಿ ನನ್ನ ಕೊಡೆಯದೂ ಇತ್ತು.

ಹೆಸರು ಕೇಳಿಸಿಕೊಂಡ ಗುರುಗಳು ಹೆಚ್ಚು ಮಾತಾಡಲಿಲ್ಲ. ಮೊದಲನೆಯವರ ಮನೆಗೆ ಹೋಗಿ ಬನ್ನಿ, ಎರಡನೆಯವರ ಹತ್ತಿರ ಏನಾದರೂ ಕಲಿಯಿರಿ ಅಂದರು. ಜಪ ಹೇಳು ಅನ್ನಲಿಲ್ಲ.

ಆವತ್ತು ಪೂಜೆ ಮುಗಿದ ಮೇಲೂ ನಾನು ಅಲ್ಲೇ ಕೂತಿದ್ದೆ. ಆ ಚರ್ಚಿನ ಕಥೆ ಚಿಕ್ಕಂದಿನಿಂದ ಕೇಳಿದ್ದೇ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅಲ್ಲಿಂದ ಹೇಗೋ ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಬಂದರು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಅವರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಚರ್ಚು ಶುರುವಾದದ್ದು 1792ರಲ್ಲಿ. ಸಮಿತಿಯಲ್ಲಿ ನಾನು ಎದೆಯುಬ್ಬಿಸಿ ಹೇಳಿದ್ದು ಇದೇ ಕಥೆಯನ್ನು. ಆದರೆ ಅದರಲ್ಲಿ ನಮ್ಮ ಹಿರಿಯರ ಕೈಯಲ್ಲಿ ಏನಿತ್ತು? ಏನೂ ಇಲ್ಲ. ಉಟ್ಟ ಬಟ್ಟೆಯಲ್ಲಿ ಬಂದವರು. ನಮ್ಮ ಧರ್ಮದವನಲ್ಲದ ಒಬ್ಬ ರಾಜ ಜಾಗ ಕೊಟ್ಟ. ಆ ಕಥೆಯನ್ನು ನಾನು ಮುಂದಿನ ಬೆಂಚಿಗಾಗಿ ಖರ್ಚು ಮಾಡಿದ್ದೆ.

ಹಿರಿಯರ ಮನೆಗೆ ಹೋದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಜಗಲಿಯಲ್ಲಿ ಕೂರಿಸಿದರು. ಬೆಲ್ಲದ ಕಾಫಿ ಕೊಟ್ಟರು. "ತಪ್ಪು ನನ್ನದು" ಅಂದೆ. "ಆಯ್ತು ಬಿಡಿ" ಅಂದರು. ಅಷ್ಟೇ. ಅಪ್ಪುಗೆ, ಕಣ್ಣೀರು ಏನೂ ಇಲ್ಲ. ಅಪ್ಪನ ಫಲಕವನ್ನು ಹಿಂದಿನ ಸಾಲಿಗೆ ಹಾಕಿಸಿದೆ. ಈಗ ಶಾಂತಿಯನ್ನು ಹಂಚಿಕೊಳ್ಳುವಾಗ ನಾನು ಎಡಕ್ಕೂ ತಿರುಗುತ್ತೇನೆ. ಅವರೂ ಕೈಮುಗಿಯುತ್ತಾರೆ. ಮುಖದಲ್ಲಿ ಇನ್ನೂ ಸ್ವಲ್ಪ ಬಿಗಿ ಇದೆ. ಅದು ಸಡಿಲವಾಗಲು ಅವರಿಗೆ ಬೇಕಾದಷ್ಟು ಸಮಯ ಬೇಕು, ಅದನ್ನು ನಾನು ಅವಸರ ಮಾಡಬಾರದು.

ಕಷ್ಟವಾದದ್ದು ಎರಡನೆಯ ಕೆಲಸ.

ನಾನು ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್ ಅಂದರೆ ಕೂಲಿಯವರ ಹೆಸರಿನ ಪಟ್ಟಿ ಬರೆಯುವುದು, ಹಾಜರಿ ಹಾಕುವುದು, ವಾರದ ಸಂಬಳ ಬಟವಾಡೆ ಮಾಡುವುದು ನನ್ನ ಕೆಲಸ. ಆ ಅಕ್ಕ ಅದೇ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದವರು. ಚೆಕ್‌ರೋಲಿನಲ್ಲಿ ಅಷ್ಟು ವರ್ಷ ನಾನು ಬರೆದದ್ದು ಮೇಸ್ತ್ರಿ ಕರೆಯುತ್ತಿದ್ದ ಅಡ್ಡಹೆಸರು. ಅವರ ಜ್ಞಾನಸ್ನಾನದ ಹೆಸರು ಬೇರೆಯೇ ಇತ್ತು. ನಾನು ಕೇಳಿಯೇ ಇರಲಿಲ್ಲ. ಯಾವಾಗಲೂ ಏಕವಚನ. ಬಾ, ಹೋಗು, ಇಲ್ಲಿ ಹೆಬ್ಬೆಟ್ಟು ಒತ್ತು.

ಅದಾದ ಮೇಲೆ ಒಂದು ಶನಿವಾರ ಎರಡು ಗಂಟೆಗೆ ನಮ್ಮ ಚರ್ಚಿಗೆ ಹೋಗಿ, "ಅಕ್ಕ, ನನಗೂ ಒಂದು ಕೆಲಸ ಹೇಳಿ" ಅಂದೆ. ಅವರು ಹಿಂದೆ ತಿರುಗಿ ನೋಡಿದರು. ಬೇರೆ ಯಾರನ್ನೋ ಕರೆಯುತ್ತಿದ್ದೇನೆ ಅಂದುಕೊಂಡರು. "ಬೇಡ ರೈಟರ್ ಸಾರ್, ನೀವು ಕೂತ್ಕೊಳ್ಳಿ" ಅಂದರು. ಮೂರು ವಾರ ಹೀಗೇ ಹೇಳಿದರು. ಮೂರು ವಾರವೂ ನನ್ನ ಬಾಯಲ್ಲಿ ನಡುನಡುವೆ "ನೀನು" ಬಂದುಬಿಡುತ್ತಿತ್ತು. ತಪ್ಪಿದಾಗಲೆಲ್ಲ ನಿಲ್ಲಿಸಿ, ಅದೇ ಮಾತನ್ನು "ನೀವು" ಅಂತ ಸರಿಮಾಡಿ ಮತ್ತೆ ಹೇಳಿದೆ. ನಾಲಿಗೆ ತಿದ್ದಿಕೊಳ್ಳಲು ದೀಪಾವಳಿ ಕಳೆಯಬೇಕಾಯಿತು.

ನಾಲ್ಕನೆಯ ವಾರ ನನ್ನ ಕೈಗೆ ಒಂದು ತೆಂಗಿನ ಚಿಪ್ಪಿನ ಚೂರು ಕೊಟ್ಟರು. ನೆಲಕ್ಕೆ ಬಿದ್ದ ಮೇಣವನ್ನು ಕೆರೆಯುವುದು ಅದರಲ್ಲಿ. ಚಾಕು ಹಾಕಿದರೆ ಕೆಂಪು ನೆಲಕ್ಕೆ ಗೀರು ಬೀಳುತ್ತದೆ. ಆಮೇಲೆ ಬೆಂಚು. ಕೊಡಗಿನ ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಮರಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅದು ಇನ್ನೂ ಹರಡುತ್ತದೆ. ಮೊದಲು ಒಣಬಟ್ಟೆ, ಅದೂ ಬೆಂಚಿನ ಅಡಿಭಾಗಕ್ಕೆ. ಬೂಷ್ಟು ಶುರುವಾಗುವುದೇ ಕಣ್ಣಿಗೆ ಕಾಣದ ಕಡೆ ಅಂತ ಅಕ್ಕ ಹೇಳಿದರು. ಹಾಗಾಗಿ ನಾನು ವಾರವಾರ ಮೊಣಕಾಲೂರಿ ಬೆಂಚಿನ ಕೆಳಗೆ ತಲೆ ಹಾಕುತ್ತೇನೆ. ಅದೇ ಚರ್ಚಿನಲ್ಲಿ ಐವತ್ತು ವರ್ಷ ಮೊಣಕಾಲೂರಿದ್ದೇನೆ, ಅಡಿಭಾಗ ಹೇಗಿದೆಯೆಂದು ನೋಡಿರಲಿಲ್ಲ.

ಹಿತ್ತಾಳೆ ಫಲಕಗಳನ್ನು ಅವರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಓದಲು ಬರುವುದಿಲ್ಲ. ಒಂದು ದಿನ ಅಪ್ಪನ ಫಲಕ ತೋರಿಸಿ, "ಇದರಲ್ಲಿ ಏನು ಬರೆದಿದೆ ಸಾರ್?" ಅಂತ ಕೇಳಿದರು. ಓದಿ ಹೇಳಿದೆ. "ಓ, ನಿಮ್ಮ ಅಪ್ಪಂದಾ? ಎಲ್ಲಕ್ಕಿಂತ ಇದಕ್ಕೇ ಜಾಸ್ತಿ ಕಿಲುಬು ಹಿಡಿಯೋದು, ಕಿಟಕಿ ಪಕ್ಕ ಅಲ್ವಾ" ಅಂದು ತಿಕ್ಕುವುದನ್ನು ಮುಂದುವರಿಸಿದರು. ಮುಂದಿನ ಸಾಲಿನಲ್ಲಿದ್ದಾಗಲೂ ಅವರೇ ತಿಕ್ಕುತ್ತಿದ್ದರು. ಯಾರದೆಂದು ಗೊತ್ತಿಲ್ಲದೆ, ಮೂರು ವರ್ಷ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಇಳಿದದ್ದು ಪೂಜೆಯ ಬಟ್ಟೆ ಒಗೆಯುವ ರೀತಿ. ಬಲಿಪೀಠದ ಮೇಲೆ ಹಾಸುವ, ಪೂಜಾಪಾತ್ರೆ ಒರೆಸುವ ಚಿಕ್ಕ ಬಿಳಿ ಬಟ್ಟೆಗಳನ್ನು ಅಕ್ಕ ಮೊದಲು ಬರೀ ನೀರಿನಲ್ಲಿ ನೆನೆಸುತ್ತಾರೆ. ಆ ಮೊದಲ ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ, ಕಣವೊಂದು ಅದರಲ್ಲಿ ಇರಬಹುದು. ಹಾಗಾಗಿ ಅದನ್ನು ಮಣ್ಣಿಗೆ ಕೊಡಬೇಕು. ಪೂಜೆಯ ಸಾಮಾನು ಇಡುವ ಕೋಣೆಯಾದ ಸಕ್ರಿಸ್ತಿಯ ಹಿಂದೆ ಒಂದು ದಾಸವಾಳದ ಗಿಡ ಇದೆ. ಅದರ ಬುಡಕ್ಕೆ ಬಗ್ಗಿ, ಮಗುವಿಗೆ ನೀರು ಹಾಕಿದ ಹಾಗೆ ನಿಧಾನವಾಗಿ ಹೊಯ್ಯುತ್ತಾರೆ. ಒಂದು ಹನಿಯೂ ಆಚೆ ಸಿಡಿಯುವುದಿಲ್ಲ. ಮಳೆಗಾಲದಲ್ಲಿ ಆ ಬಟ್ಟೆಗಳು ಒಣಗುವುದು ಕೆಂಡದ ಮೇಲೆ ಬೋರಲು ಹಾಕಿದ ಬಿದಿರಿನ ಕುಕ್ಕೆಯ ಮೇಲೆ. ಹೊಗೆ ತಾಗಬಾರದು, ಹಳದಿಯಾಗಬಾರದು. ಕುಕ್ಕೆಯ ಪಕ್ಕದಲ್ಲೇ ಕೂತು ಕಾಯಬೇಕು. ಭಾನುವಾರ ಬಲಿಪೀಠದ ಮೇಲೆ ಆ ಬಿಳುಪು ನೋಡುತ್ತಾ ಇಷ್ಟು ವರ್ಷ ಪ್ರಾರ್ಥಿಸಿದ್ದೇನೆ. ಅದರ ಹಿಂದೆ ಕೂತು ಕಾದವರು ಇದ್ದಾರೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಯೇಸು ಶಿಷ್ಯರ ಪಾದ ತೊಳೆದದ್ದರ ನೆನಪಿಗೆ ಪವಿತ್ರ ಗುರುವಾರ ಗುರುಗಳು ಪಾದ ತೊಳೆಯುವ ವಿಧಿಗೆ ಕೂರುವ ಹನ್ನೆರಡು ಜನರಲ್ಲಿ ನಾನು ಹಲವು ಸಲ ಇದ್ದೆ. ಆ ದಿನ ಮನೆಯಲ್ಲೇ ಸೋಪು ಹಾಕಿ, ಕಲ್ಲಿನಿಂದ ಉಜ್ಜಿ, ಹೊಸ ಸಾಕ್ಸ್ ಹಾಕಿಕೊಂಡು ಹೋಗುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ. ಗುರುಗಳಿಗೆ ತೊಳೆಯಲು ಏನೂ ಉಳಿಸಿರುತ್ತಿರಲಿಲ್ಲ. ಮೊದಲೆಲ್ಲ ನಿಯಮದಲ್ಲೇ ಗಂಡಸರು ಅಂತ ಇತ್ತು. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ ಪಾದವನ್ನೂ ತೊಳೆದರು. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಆದರೂ ನಮ್ಮ ಚರ್ಚಿನಲ್ಲಿ ಗಂಡಸರೇ ಕೂರುತ್ತಿದ್ದೆವು. ಈ ವರ್ಷ ನನ್ನ ಜಾಗಕ್ಕೆ ಅಕ್ಕನನ್ನು ಕೂರಿಸಿ ಅಂತ ಫಾದರ್‌ಗೆ ಕೇಳಿಕೊಂಡೆ. ಅಕ್ಕ ಒಪ್ಪಲೇ ಇಲ್ಲ. ಯೇಸುವಿನ ಶಿಷ್ಯ ಪೇತ್ರನೂ ಮೊದಲು ಬೇಡ ಅಂದಿದ್ದ ಅಲ್ವಾ ಅಂತ ಫಾದರ್ ನೆನಪಿಸಿದ ಮೇಲೆ ಸುಮ್ಮನಾದರು.

ನಾನು ಹೂಜಿ ಹಿಡಿದಿದ್ದೆ. ಅಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ತೋಟದ ಮಣ್ಣು ಇನ್ನೂ ಕಪ್ಪಗೆ ಕೂತಿತ್ತು. ಎಷ್ಟು ತೊಳೆದರೂ ಹೋಗುವ ಮಣ್ಣಲ್ಲ ಅದು. ಫಾದರ್ ಒರೆಸಿ, ಬಗ್ಗಿ ಮುತ್ತಿಟ್ಟರು. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು.

ಪೂಜೆ ಮುಗಿದು ಜನ ಎದ್ದರು. ಪೀಠದ ಮುಂದೆ ನೀರು ಚೆಲ್ಲಿತ್ತು. ಅಕ್ಕ ಬರಿಗಾಲಲ್ಲೇ ಎದ್ದು ಒರೆಸುವ ಬಟ್ಟೆಗೆ ಹೋದರು. ನಾನು ಮೊದಲೇ ತೆಗೆದುಕೊಂಡು ಮೊಣಕಾಲೂರಿದೆ. ಅವರು ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಅಂಚಿನಿಂದ ಒಳಕ್ಕೆ ಒರೆಸಿ ಸಾರ್" ಅಂದರು. "ನಡುವಿನಿಂದ ಶುರು ಮಾಡಿದ್ರೆ ನೀರು ಹರಡುತ್ತೆ."

ಅಂಚಿನಿಂದ ಶುರು ಮಾಡಿದೆ.