ಮೇಲ್ ಸರ್ವರ್ ಬದಲಿಸುವಾಗ ಒಂದು ಮೇಲೂ ಕಳೆಯಬಾರದೆಂದರೆ

ಕಂಪನಿಯ ಮೇಲ್ ಸರ್ವರ್ ಹಳೆಯದಾಯಿತು, ಹೊಸ ಯಂತ್ರ ಬಂತು. ಈ ಕೆಲಸ ತಲೆಗೆ ಬಿದ್ದವರಿಗೆಲ್ಲ ಒಂದೇ ಭಯ: ಸರ್ವರ್ ಒಂದು ಗಂಟೆ ನಿಂತರೂ ಬರಬೇಕಾದ ಮೇಲ್‌ಗಳು ಹೋದವು! ಆ ಭಯಕ್ಕೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸುತ್ತಾರೆ. ಅರ್ಧ ಮೇಲ್ ಅಲ್ಲಿ, ಅರ್ಧ ಇಲ್ಲಿ. ನಿಜವಾದ ಫಜೀತಿ ಶುರುವಾಗುವುದೇ ಆಗ.

ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಸಾಗಿಸುವ ಎಸ್‌ಎಂಟಿಪಿ ಅಷ್ಟು ನಾಜೂಕಿನ ವ್ಯವಸ್ಥೆ ಅಲ್ಲ. ಮನೆಗೆ ಬೀಗ ಹಾಕಿದ್ದರೆ ಅಂಚೆಯವರು ನಾಳೆ ಬರುತ್ತಾರೆ. 'ಆ ಹೆಸರಿನವರು ಇಲ್ಲಿಲ್ಲ' ಅಂದರೆ ಮಾತ್ರ ಕಾಗದ ವಾಪಸ್. ಇಲ್ಲೂ ಹಾಗೇ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವವರ ಸರ್ವರ್ ಆ ಮೇಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಾಮಾನ್ಯವಾಗಿ 4ರಿಂದ 5 ದಿನವಾದರೂ ಕೈಬಿಡಬಾರದು ಎಂದು ಎಸ್‌ಎಂಟಿಪಿಯ ನಿಯಮ ಬರೆದಿಟ್ಟ 2008ರ ದಾಖಲೆ ಆರ್‌ಎಫ್‌ಸಿ 5321 ಹೇಳುತ್ತದೆ. ಹಾಗಾಗಿ ಒಂದೆರಡು ಗಂಟೆ ಬಾಗಿಲು ಮುಚ್ಚಲು ಹೆದರಬೇಡಿ. ಒಟಿಪಿಯಂಥ ಮೇಲ್ ತಡವಾದರೆ ಕೆಲಸಕ್ಕೆ ಬರುವುದಿಲ್ಲ ನಿಜ. ಅದಕ್ಕೇ ರಜಾದಿನದ ರಾತ್ರಿ ಆರಿಸಿಕೊಳ್ಳಿ.

ಒಂದು ವಾರ ಮೊದಲು

ಹೊಸ ಯಂತ್ರಕ್ಕೆ ಮೇಲ್ ಕಳಿಸಿ ಸ್ವೀಕರಿಸುವ ಅದೇ ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್‌ಗಳನ್ನು ಬಳಕೆದಾರರಿಗೆ ತೆರೆದುಕೊಡುವ ಅದೇ ಡವ್‌ಕಾಟ್ ಹಾಕಿ. ಅಲಿಯಾಸ್‌ಗಳು (ಬೇರೆ ಮೇಲ್‌ಬಾಕ್ಸ್‌ಗೆ ಹೋಗುವ ಅಡ್ಡಹೆಸರಿನ ವಿಳಾಸಗಳು), ಫಿಲ್ಟರ್‌ಗಳು, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್‌ನ ಸರ್ಟಿಫಿಕೇಟು, ಹೊರಹೋಗುವ ಮೇಲಿಗೆ ಸಹಿ ಹಾಕುವ ಡಿಕೆಐಎಂ ಕೀ ಎಲ್ಲ ನಕಲು ಮಾಡಿ. 'ಹೇಗೂ ಬದಲಿಸ್ತಾ ಇದ್ದೀವಿ, ಬೇರೆ ಸಾಫ್ಟ್‌ವೇರೇ ಹಾಕೋಣ' ಅನ್ನುವವರು ಒಬ್ಬರಾದರೂ ಇರುತ್ತಾರೆ. ಬೇಡ. ಅದನ್ನು ಮುಂದಿನ ತಿಂಗಳು ಮಾಡಿ.

ನನ್ನನ್ನು ಕೇಳಿದರೆ, ಹಳೆಯ ಐಪಿ ವಿಳಾಸವನ್ನೇ ಹೊಸ ಯಂತ್ರಕ್ಕೆ ಕೊಡಿ. ಯಾವ ಹೆಸರಿಗೆ ಯಾವ ಐಪಿ ಎಂದು ಹೇಳುವ ಡಿಎನ್‌ಎಸ್ ಮುಟ್ಟುವ ಗೋಜೇ ಇಲ್ಲ, ಆ ವಿಳಾಸ ಗಳಿಸಿದ ಒಳ್ಳೆಯ ಹೆಸರೂ ಉಳಿಯುತ್ತದೆ. ಸಾಧ್ಯವೇ ಇಲ್ಲವೆಂದರೆ ಡಿಎನ್‌ಎಸ್‌ನ ಎಂಎಕ್ಸ್ ದಾಖಲೆ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವುದು) ಮತ್ತು ಅದು ತೋರಿಸುವ ಹೆಸರಿನ ಎ ದಾಖಲೆ (ಆ ಹೆಸರಿನ ಐಪಿ), ಎರಡರ ಟಿಟಿಎಲ್ಲನ್ನೂ, ಅಂದರೆ ಬೇರೆಯವರು ಆ ಉತ್ತರವನ್ನು ಇಟ್ಟುಕೊಳ್ಳುವ ಅವಧಿಯನ್ನು, ಈಗಲೇ 300 ಸೆಕೆಂಡಿಗೆ ಇಳಿಸಿ. ಮೊದಲು 86400 ಇದ್ದರೆ ಹಳೆಯ ಉತ್ತರ ಪೂರ್ತಿ ಒಂದು ದಿನ ಬೇರೆಯವರ ಬಳಿ ಉಳಿದಿರಬಹುದು. ಅದೇ ರಾತ್ರಿ ಇಳಿಸಿದರೆ ಏನೂ ಉಪಯೋಗವಿಲ್ಲ. ಹೊಸ ಐಪಿಗೆ ಪಿಟಿಆರ್ (ಐಪಿಯಿಂದ ಹೆಸರು ತೋರಿಸುವ ದಾಖಲೆ) ಮಾಡಿಸಿ, ಎಸ್‌ಪಿಎಫ್‌ಗೆ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಸೇರಿಸಿ, ಸ್ಪ್ಯಾಮ್ ಕಳಿಸುವವರ ಬ್ಲಾಕ್‌ಲಿಸ್ಟ್‌ಗಳಲ್ಲಿದೆಯಾ ನೋಡಿ.

ಮೇಲ್‌ಬಾಕ್ಸ್ ಸಾಗಿಸುವುದು

ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಹಳೆಯ ಸರ್ವರ್ ಓಡುತ್ತಿರುವಾಗಲೇ, ಪ್ರತಿ ಸಲ ಬದಲಾದದ್ದನ್ನಷ್ಟೇ ಸಾಗಿಸುವ ಆರ್‌ಸಿಂಕ್‌ನಲ್ಲಿ ಮೊದಲ ಸುತ್ತು ನಕಲು ಮಾಡಿ. ಎಷ್ಟು ಹೊತ್ತಾದರೂ ಆಗಲಿ, ಯಾರಿಗೂ ತೊಂದರೆಯಿಲ್ಲ. ಹಿಂದಿನ ದಿನ ಎರಡನೇ ಸುತ್ತು. ಕೊನೆಯ ಸುತ್ತು ಮಾತ್ರ ಸರ್ವರ್ ನಿಲ್ಲಿಸಿದ ಮೇಲೆ. ಅಷ್ಟು ಹೊತ್ತಿಗೆ ಉಳಿದಿರುವುದು ಸ್ವಲ್ಪವೇ.

ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲೂ ಒಂದು ಫೈಲು. ಯಾರಾದರೂ ಮೇಲ್ ಓದಿದರೆ ಆ ಫೈಲಿನ ಹೆಸರೇ ಬದಲಾಗುತ್ತದೆ, ಕೊನೆಗೆ 'ಎಸ್' ಅಕ್ಷರ ಸೇರುತ್ತದೆ. ಈಗ ಬರೀ ನಕಲು ಮಾಡಿದರೆ ಹೊಸ ಯಂತ್ರದಲ್ಲಿ ಹಳೆಯ ಹೆಸರಿನದೂ ಹೊಸ ಹೆಸರಿನದೂ ಎರಡೂ ಕೂರುತ್ತವೆ. ಒಂದೇ ಮೇಲ್ ಎರಡೆರಡು ಸಲ! ಅದಕ್ಕೆ ಕೊನೆಯ ಸುತ್ತಿಗೆ, ಹಳೆಯದರಲ್ಲಿ ಇಲ್ಲದ್ದನ್ನು ಹೊಸದರಿಂದ ಅಳಿಸುವ ಡಿಲೀಟ್ ಆಯ್ಕೆ ಕಡ್ಡಾಯ. ಆದರೆ ಆ ಆಯ್ಕೆ ಕೊಟ್ಟು 'ಎಲ್ಲಿಂದ ಎಲ್ಲಿಗೆ' ಅನ್ನುವುದನ್ನು ತಿರುಗಾಮುರುಗಾ ಬರೆದರೆ, ಹೊಸದರಲ್ಲಿ ಇಲ್ಲದ್ದೆಲ್ಲ ಅಸಲಿ ಯಂತ್ರದಿಂದಲೇ ಅಳಿಸಿಹೋಗುತ್ತದೆ. ಮೊದಲು ಡ್ರೈ ರನ್ (ಏನೂ ಬದಲಿಸದೆ ಏನಾಗಲಿದೆ ಎಂದಷ್ಟೇ ತೋರಿಸುವುದು) ಮಾಡಿ, ಪಟ್ಟಿ ಕಣ್ಣಾರೆ ನೋಡಿ, ಆಮೇಲೆ ಎಂಟರ್ ಒತ್ತಿ. ಎರಡೂ ಕಡೆ ಬಳಕೆದಾರರ ಐಡಿ ಸಂಖ್ಯೆಗಳು ಒಂದೇ ಇರಲಿ, ಹೆಸರು ನೋಡದೆ ಆ ಸಂಖ್ಯೆಯನ್ನೇ ಉಳಿಸುವ ನ್ಯೂಮರಿಕ್ ಐಡಿ ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ಒಬ್ಬರ ಮೇಲ್‌ಬಾಕ್ಸ್‌ಗೆ ಇನ್ನೊಬ್ಬರು ಒಡೆಯರಾಗಬಹುದು.

ಪ್ರತಿ ಫೋಲ್ಡರಿನಲ್ಲೂ 'ಡವ್‌ಕಾಟ್-ಯುಐಡಿಲಿಸ್ಟ್' ಅಂತ ಒಂದು ಸಣ್ಣ ಫೈಲು ಇರುತ್ತದೆ. ಇಂಡೆಕ್ಸ್ ಫೈಲುಗಳು ಹೋದರೂ ಮತ್ತೆ ಕಟ್ಟಿಕೊಳ್ಳಬಹುದು, ಇದು ಹೋಗಬಾರದು. ಯಾವ ಮೇಲಿಗೆ ಯಾವ ಸಂಖ್ಯೆ ಅನ್ನುವ ಲೆಕ್ಕ ಇದರಲ್ಲಿದೆ. ಕಳೆದುಹೋದರೆ ಮರುದಿನ ಬೆಳಿಗ್ಗೆ ಎಲ್ಲರ ಔಟ್‌ಲುಕ್, ಥಂಡರ್‌ಬರ್ಡ್‌ಗಳು ವರ್ಷಗಟ್ಟಲೆಯ ಮೇಲನ್ನು ಮೊದಲಿನಿಂದ ಇಳಿಸಿಕೊಳ್ಳಲು ಶುರು ಮಾಡುತ್ತವೆ. ಆಫೀಸಿನ ನೆಟ್‌ವರ್ಕ್ ಅಲ್ಲಿಗೆ ಮುಗಿಯಿತು.

ಮೇಲ್ ಪ್ರೋಗ್ರಾಮಿನಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಎಳೆದು ಹಾಕುವ ಅಡ್ಡದಾರಿಯೂ ಇದೆ. ಒಬ್ಬರಿಗಾದರೆ ಸರಿ, ಕಂಪನಿಗಲ್ಲ. ಎಲ್ಲರ ಪಾಸ್‌ವರ್ಡ್ ಕೇಳುವ 'ಒಂದೇ ಕ್ಲಿಕ್' ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ.

ಆ ರಾತ್ರಿ

ಹಳೆಯ ಯಂತ್ರದಲ್ಲಿ 25, 587, 465, 993, ಬಳಕೆಯಲ್ಲಿರುವ ಪೋರ್ಟ್‌ಗಳನ್ನೆಲ್ಲ (ಮೇಲ್ ಬಂದುಹೋಗುವ ಬಾಗಿಲುಗಳು) ಹೊರಗಿನವರಿಗೆ ಮುಚ್ಚಿ. ಒಳಗೆ ಹಂಚಬೇಕಾದ ಮೇಲ್ ಸಾಲಿನಲ್ಲಿದ್ದರೆ ಅದು ಖಾಲಿಯಾಗಲಿ. ಹೊರಗೆ ಹೋಗದೆ ಸಿಕ್ಕಿಕೊಂಡವನ್ನು ಆಮೇಲೆ ರಿಲೇಹೋಸ್ಟ್ (ಮೇಲನ್ನು ಇನ್ನೊಂದು ಸರ್ವರ್‌ಗೆ ದಾಟಿಸುವ ಸೆಟ್ಟಿಂಗ್) ಹಾಕಿ ಹೊಸ ಸರ್ವರ್ ಮೂಲಕ ಕಳಿಸಬಹುದು. ಈಗ ಸರ್ವರ್ ನಿಲ್ಲಿಸಿ, ಕೊನೆಯ ಸುತ್ತು ಓಡಿಸಿ, ಐಪಿ ಅಥವಾ ಡಿಎನ್‌ಎಸ್ ಬದಲಿಸಿ. ಅದೇ ಐಪಿ ಕೊಟ್ಟೂ ಸಂಪರ್ಕ ಸಿಗದಿದ್ದರೆ ರೌಟರಿನ ಎಆರ್‌ಪಿ ಕ್ಯಾಶ್ (ಯಾವ ಐಪಿ ಯಾವ ಯಂತ್ರದ್ದು ಅನ್ನುವ ಅದರ ನೆನಪು) ಅಳಿಸಿ.

ಬಾಗಿಲು ತೆರೆಯುವ ಮೊದಲು ಹೊಸ ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಆನ್ ಮಾಡಿ. ಬಳಕೆದಾರರ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಸರ್ವರ್ 550 ಅನ್ನುತ್ತದೆ, ಅಂದರೆ 'ಇಂಥವರಿಲ್ಲ, ವಾಪಸ್ ಹೋಗಿ'. ಇದು ಆನ್ ಇದ್ದರೆ 450 ಅನ್ನುತ್ತದೆ, 'ಆಮೇಲೆ ಬನ್ನಿ' ಅಂತ. ಲಾಗ್ ನೋಡುತ್ತಾ ಕೂತು ಹೆಸರು ಸೇರಿಸಿದರೆ ಮುಂದಿನ ಸಲ ಆ ಮೇಲ್ ಒಳಗೆ ಬರುತ್ತದೆ. ಇಷ್ಟು ಒಳ್ಳೆಯ ರಕ್ಷಣೆ ಒಂದೇ ಸಾಲಿನಲ್ಲಿ ಸಿಗುವಾಗ ಬಳಸದೆ ಇರುವುದು ಯಾಕೆ?

ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ, ಒಳಗೊಳಗೇ, ಮೂರೂ ಬಗೆಯ ಮೇಲ್ ಕಳಿಸಿ ನೋಡಿ.

ಮರುದಿನ

ಸಾಫ್ಟ್ ಬೌನ್ಸ್ ತೆಗೆಯಿರಿ. ಇಲ್ಲದಿದ್ದರೆ ತಪ್ಪು ವಿಳಾಸಕ್ಕೆ ಬರೆದವರಿಗೆ ಎಷ್ಟೋ ದಿನ ವಿಷಯವೇ ಗೊತ್ತಾಗುವುದಿಲ್ಲ. ಐಪಿ ಬದಲಾಗಿದ್ದರೆ ಸ್ಕ್ಯಾನರು, ಅಕೌಂಟ್ಸ್ ಸಾಫ್ಟ್‌ವೇರ್‌ಗಳಲ್ಲಿ ಹಳೆಯದೇ ಬರೆದಿರುತ್ತಾರೆ, ಹುಡುಕಿ ಬದಲಿಸಿ. ಹಳೆಯ ಯಂತ್ರ ಆನ್ ಆದರೂ ಅದರ ಮೇಲ್ ಸೇವೆಗಳು ತಾವಾಗಿ ಏಳದಂತೆ ಮಾಡಿ, ಕೇಬಲ್ ತೆಗೆದಿಡಿ. ಬ್ಯಾಕಪ್ ಹೊಸದರಿಂದ ಆಗುತ್ತಿದೆಯಾ ನೋಡಿ. ಆ ಬ್ಯಾಕಪ್‌ನಿಂದ ಒಂದು ಮೇಲ್‌ಬಾಕ್ಸ್ ತೆಗೆದು, ಅದು ಸರಿಯಾಗಿ ತೆರೆದುಕೊಳ್ಳುವವರೆಗೆ ಹಳೆಯ ಡಿಸ್ಕ್ ಅಳಿಸಬೇಡಿ.