ಎರಡು ಆಸಿಲೇಟರ್‌ಗಳು ಕೊನೆಗೂ ಶ್ರುತಿ ಸೇರಿದವು

ಇದು ನಾನು ಮನೆಯಲ್ಲೇ ಕಟ್ಟಿದ ಸಿಂಥಸೈಜರ್‌ನ ಕಥೆ. ಕೀಬೋರ್ಡ್‌ನಿಂದ ಮಿಡಿ (ಯಾವ ಕೀ ಒತ್ತಿದ್ದು ಅಂತ ತಿಳಿಸುವ ಡಿಜಿಟಲ್ ಸಂಕೇತ), ಮಿಡಿಯಿಂದ ವೋಲ್ಟೇಜ್ (ಒಂದು ವೋಲ್ಟ್ ಏರಿದರೆ ದನಿ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಮೇಲೆ), ಅಲ್ಲಿಂದ ದನಿ ಹುಟ್ಟಿಸುವ ಎರಡು ಆಸಿಲೇಟರ್. ಕೆಳಗಿನ ಸಾ ಒತ್ತಿದರೆ ಎರಡೂ ಒಂದೇ ದನಿ. ಎರಡು ಆಕ್ಟೇವ್ ಮೇಲೆ ಹೋದರೆ ಅಪಸ್ವರ. ಈ ಕಾಟ ಈಗ ಮುಗಿದಿದೆ. 49 ಕೀಗಳಲ್ಲಿ ಯಾವುದನ್ನು ಒತ್ತಿದರೂ ಎರಡೂ ಜೊತೆಗೇ ನಿಲ್ಲುತ್ತವೆ. ಬೆಂಗಳೂರಿನ ಗೆಳೆಯರು, "ಮನೇಲಿ ಕಟ್ಟಿದ್ದು ಟ್ರ್ಯಾಕ್ ಆಗಲ್ಲ ಕಣೋ, ಹೊರಗಿನಿಂದ ತರಿಸು" ಅಂದಿದ್ದರು. ಟ್ರ್ಯಾಕ್ ಅಂದರೆ ವೋಲ್ಟೇಜ್ ಏರಿದಂತೆ ಎಲ್ಲ ಸ್ವರಗಳಲ್ಲೂ ಶ್ರುತಿ ಹಿಡಿದು ನಿಲ್ಲುವುದು. ಡಬ್ಬಿ ಮುಚ್ಚಿ, ಕಿವಿಯಲ್ಲೇ ಶ್ರುತಿ ಮಾಡುತ್ತೇನೆ ಅಂದಾಗ ಒಬ್ಬರೂ ನಂಬಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಒಂದನೇ ಆಸಿಲೇಟರ್ ಎಎಸ್3340 ಚಿಪ್‌ನದು. ಲಾಟ್ವಿಯಾದಲ್ಲಿ ತಯಾರಾಗುವ ಚಿಪ್, ಹಳೆಯ ಸಿಇಎಂ3340ರ ನಕಲು. ಎರಡನೆಯದು ಟ್ರಾನ್ಸಿಸ್ಟರ್ ಜೋಡಿ ಹಾಕಿ ಬಿಡಿಬಿಡಿಯಾಗಿ ಕಟ್ಟಿದ್ದು.

ಸಮಸ್ಯೆ ಬಂದಾಗ ಎಲ್ಲರೂ ನೇರ ಸ್ಕೇಲ್ ಪ್ರಿಸೆಟ್‌ಗೆ (ಒಂದು ವೋಲ್ಟ್‌ಗೆ ಶ್ರುತಿ ಎಷ್ಟು ಏರಬೇಕು ಅಂತ ಹೊಂದಿಸುವ ಪುಟ್ಟ ತಿರುಪಿಗೆ) ಸ್ಕ್ರೂಡ್ರೈವರ್ ಹಾಕುತ್ತಾರೆ. ಅದಕ್ಕೂ ಮೊದಲು ಒಂದು ವಿಷಯ ನೋಡಬೇಕು. ಎರಡೂ ಒಟ್ಟಿಗೆ ಇಳಿಯುತ್ತಿವೆಯಾ, ಬೇರೆ ಬೇರೆ ಇಳಿಯುತ್ತಿವೆಯಾ? ತಮ್ಮತಮ್ಮಲ್ಲಿ ಸರಿ ಇದ್ದು ಕೀಬೋರ್ಡ್‌ನ ಸ್ವಂತ ದನಿಗೆ ಮಾತ್ರ ಹೊಂದದಿದ್ದರೆ ದೋಷ ಹಿಂದುಗಡೆ ಇದೆ, ಅಂದರೆ ಮಿಡಿಯ ಅಂಕಿಯನ್ನು ವೋಲ್ಟೇಜ್ ಮಾಡುವ ಡ್ಯಾಕ್ ಚಿಪ್‌ನಲ್ಲೋ ಕೇಬಲ್‌ನಲ್ಲೋ. ತಮ್ಮತಮ್ಮಲ್ಲೇ 'ವಾಂವ್ ವಾಂವ್' ಅಂತ ಬೀಟ್ ಬಂದರೆ ದೋಷ ಆಸಿಲೇಟರ್‌ನದು. ನನಗೆ ಎರಡೂ ಇತ್ತು. ಒಂದು ಇನ್ನೊಂದನ್ನು ಮುಚ್ಚಿಟ್ಟಿದ್ದರಿಂದ ತಿಂಗಳುಗಟ್ಟಲೆ ಹೋಯಿತು.

ಮೊದಲು ಡ್ಯಾಕ್. ಎಂಸಿಪಿ4725 ಅಗ್ಗ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇನ್ನೂರು ರೂಪಾಯಿ ಒಳಗೆ ಸಿಕ್ಕಿತ್ತು. ಆದರೆ ಅದಕ್ಕೆ ಸ್ವಂತ ರೆಫರೆನ್ಸ್ ಇಲ್ಲ, ಬರುವ 5 ವೋಲ್ಟನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಫೋನ್ ಚಾರ್ಜರ್‌ನಲ್ಲಿ 0.1 ವೋಲ್ಟ್ ಇಳಿದರೆ 2% ಹೋಯಿತು, ಆಕ್ಟೇವ್‌ಗೆ 24 ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್, ಅದರ ನೂರನೇ ಒಂದು ಭಾಗ ಸೆಂಟ್). ಎಂಸಿಪಿ4822 ಹಾಕಿದೆ. ರೆಫರೆನ್ಸ್ ಒಳಗೇ ಇದೆ, ಗೇನ್ ಎರಡಕ್ಕಿಟ್ಟರೆ ಹೆಜ್ಜೆಗೆ ಸರಿಯಾಗಿ 1 ಮಿಲಿವೋಲ್ಟ್. ಒಂದು ಸೆಮಿಟೋನ್‌ಗೆ 83.3 ಮಿಲಿವೋಲ್ಟ್ ಬೇಕು, ಅರ್ಧ ಮಿಲಿವೋಲ್ಟ್ ಆಚೀಚೆ ಆದರೂ ಕಿವಿಗೆ ಗೊತ್ತಾಗಲ್ಲ. 4.095 ವೋಲ್ಟ್‌ಗೇ ನಿಲ್ಲುತ್ತದೆ ನಿಜ, ನಾಲ್ಕು ಆಕ್ಟೇವ್ ನನಗೆ ಸಾಕು.

ಆಮೇಲೆ ಕೇಬಲ್ ಹಂಚಿಕೆ. ಔಟ್‌ಪುಟ್‌ನಲ್ಲಿ 1ಕೆ (ಸಾವಿರ ಓಮ್) ರೆಸಿಸ್ಟರ್, ಪ್ರತಿ ಆಸಿಲೇಟರ್‌ನ ಇನ್‌ಪುಟ್ 100ಕೆ. ಒಂದಕ್ಕೆ ಕೊಟ್ಟರೆ ಆಕ್ಟೇವ್‌ಗೆ 12 ಸೆಂಟ್ ನಷ್ಟ, ಎರಡಕ್ಕೆ ಕೊಟ್ಟರೆ 23ರ ಮೇಲೆ. ಬೆಂಚಿನ ಮೇಲೆ ಒಂದೊಂದಾಗಿ ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿ, ಜೋಡಿಸಿದ ಕೂಡಲೇ ಹಾಳು. ಇದಕ್ಕೆ ಬೇಕಾದದ್ದು ಬಫರ್, ಹಂಚಿದರೂ ವೋಲ್ಟೇಜ್ ಇಳಿಯದಂತೆ ಕಾಯುವ ಸರ್ಕ್ಯೂಟ್. ಅದರ ಮಾಡ್ಯೂಲ್ ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸೇರಿ ದುಬಾರಿ. ನಾನು ಟಿಎಲ್072 ಅನ್ನುವ ಆಪ್‌ಆಂಪ್ ಚಿಪ್‌ನಲ್ಲಿ ಎರಡು ಬಫರ್ ಕಟ್ಟಿದೆ, 1ಕೆ ರೆಸಿಸ್ಟರನ್ನು ಫೀಡ್‌ಬ್ಯಾಕ್ ಲೂಪಿನ ಒಳಗೆ ಹಾಕಿದೆ. ನೂರೈವತ್ತು ರೂಪಾಯಿಯೂ ಆಗಲಿಲ್ಲ. ಟಿಎಲ್072ಗೆ ಆಫ್‌ಸೆಟ್ (ಔಟ್‌ಪುಟ್‌ಗೆ ತಾನಾಗಿ ಸೇರುವ ಸಣ್ಣ ಸ್ಥಿರ ವೋಲ್ಟೇಜ್) ಜಾಸ್ತಿ ಅಂತ ಹೆದರಿಸುತ್ತಾರೆ. ಆಫ್‌ಸೆಟ್ ಎಲ್ಲಾ ಸ್ವರಗಳಿಗೂ ಒಂದೇ, ಶ್ರುತಿಯನ್ನು ಸಣ್ಣದಾಗಿ ಸರಿಸುವ ಫೈನ್ ನಾಬ್ ತಿರುಗಿಸಿದರೆ ಮುಗಿಯಿತು. ಕೊಲ್ಲುವುದು ಮೇಲೆ ಹೋದಷ್ಟೂ ಬೆಳೆಯುವ ಸ್ಕೇಲ್ ದೋಷ.

ಇಷ್ಟಾದ ಮೇಲೆ ಉಳಿದದ್ದು ಎರಡನೇ ಆಸಿಲೇಟರ್‌ನ ಬಿಸಿಲಿನ ಕಾಯಿಲೆ. ನನ್ನ ಕೋಣೆ ತುಮಕೂರಿನ ಬಟವಾಡಿಯಲ್ಲಿ, ಶೀಟಿನ ಕೆಳಗೆ. ಏಪ್ರಿಲ್‌ನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಸುಲಭ. ಪರಿಹಾರ ಇಲ್ಲದ ಟ್ರಾನ್ಸಿಸ್ಟರ್ ಜೋಡಿ ಡಿಗ್ರಿಗೆ, ಆಕ್ಟೇವ್‌ಗೆ ಸುಮಾರು 4 ಸೆಂಟ್ ಜಾರುತ್ತದೆ. ಹತ್ತು ಡಿಗ್ರಿಗೆ ಎಷ್ಟಾಯಿತು ಲೆಕ್ಕ ಹಾಕಿ. ಬಿಸಿಗೆ ತಕ್ಕಂತೆ ರೋಧ ಬದಲಾಗುವ 3300 ಪಿಪಿಎಂ (ಡಿಗ್ರಿಗೆ ಹತ್ತು ಲಕ್ಷದಲ್ಲಿ 3300 ಭಾಗ) ಟೆಂಪ್ಕೋ ರೆಸಿಸ್ಟರನ್ನು ಆ ಜೋಡಿಯ ಮೈಮೇಲೆ ಅಂಟಿಸಿದೆ. ಜೋಡಿ ಆರಿಸುವ ನನ್ನ ರೀತಿ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನಲ್ಲೇ ಇರಲಿ.

ಈಗ ಗೆಳೆಯರು ನಂಬದೇ ಹೋದ ಕೆಲಸಕ್ಕೆ ಬರುತ್ತೇನೆ. ಪ್ಯಾನೆಲ್‌ನಲ್ಲಿ ಸ್ಕೇಲ್ ಪ್ರಿಸೆಟ್‌ನ ನೇರಕ್ಕೆ 3 ಮಿಲಿಮೀಟರ್ ತೂತು ಕೊರೆದೆ. ಡಬ್ಬಿ ಮುಚ್ಚಿ, ಎಲ್ಲ ಕೇಬಲ್ ಹಾಕಿ, ಮುಕ್ಕಾಲು ಗಂಟೆ ಓಡಲು ಬಿಟ್ಟೆ. ಒಳಗಿನ ಬಿಸಿ ನೆಲೆಗೆ ಬಂದ ಮೇಲೆ ಕೆಳಗಿನ ಸಾದಲ್ಲಿ ಫೈನ್ ನಾಬ್‌ನಿಂದ ಬೀಟ್ ನಿಲ್ಲಿಸಿದೆ, ಎರಡು ಆಕ್ಟೇವ್ ಮೇಲೆ ಹೋಗಿ ಪ್ರಿಸೆಟ್ ತಿರುಗಿಸಿದೆ, ಮತ್ತೆ ಕೆಳಗೆ. ಮೇಲಿನ ಸ್ವರದಲ್ಲಿ ಬೀಟ್ ನಿಲ್ಲುವಷ್ಟೇ ತಿರುಗಿಸಿದರೆ ಸಾಲದು, ಕೆಳಗಿನದೂ ಜೊತೆಗೆ ಸರಿಯುತ್ತದೆ. ಸ್ವಲ್ಪ ದಾಟಿಸಿ ನಿಲ್ಲಿಸಬೇಕು. 1046 ಹರ್ಟ್ಸ್‌ನಲ್ಲಿ ಎರಡು ಸೆಕೆಂಡಿಗೆ ಒಂದು ಬೀಟ್ ಅಂದರೆ ಒಂದು ಸೆಂಟ್‌ಗಿಂತ ಕಡಿಮೆ. ಫೋನಿನ ಟ್ಯೂನರ್ ಆ್ಯಪ್‌ನ ಮುಳ್ಳು ಅಷ್ಟರಲ್ಲಿ ಸುಮ್ನೆ ನಡುಗುತ್ತಿರುತ್ತದೆ.

ಈ ನಡುವೆ ತಂಬೂರಿಯ ಪ್ರಯೋಗವೂ ಆಯಿತು. ಒಂದನ್ನು ಸಾಗೆ, ಇನ್ನೊಂದನ್ನು ಪಾಗೆ ಬೀಟ್ ಇಲ್ಲದ ಹಾಗೆ ಹೊಂದಿಸಿದೆ. ಆ ಪಾ 702 ಸೆಂಟ್, ಕೀಬೋರ್ಡಿನ 700 ಅಲ್ಲ. ಟ್ರ್ಯಾಕಿಂಗ್ ಸರಿ ಇದ್ದರೆ ಯಾವ ಕೀ ಒತ್ತಿದರೂ ಅದೇ ಅಂತರ ಉಳಿಯುತ್ತದೆ. ಪಕ್ಕದ ಬೀದಿಯ ಸಂಗೀತದ ಮೇಷ್ಟ್ರನ್ನು ಕರೆದು ಕೇಳಿಸಿದೆ. ಕಣ್ಣು ಮುಚ್ಚಿ ಕೂತರು. ನಾನು ಆಧಾರ ಶ್ರುತಿಯ ಮನೆ ಬದಲಿಸುತ್ತಾ ಹೋದೆ. "ಐದೂವರೆ ಮನೆಯಲ್ಲೂ ಪಂಚಮ ಶುದ್ಧವಾಗಿದೆ ಕಣಪ್ಪ, ತೀರಾ ಮೇಲೆ ಹೋದಾಗ ಮಾತ್ರ ಒಂಚೂರು ಇಳೀತದೆ" ಅಂದರು. ಅಷ್ಟು ಸೂಕ್ಷ್ಮ ನನಗೂ ಕೇಳಿಸಿರಲಿಲ್ಲ.

ಅವರು ಹೇಳಿದ್ದು ಎರಡನೇ ಆಸಿಲೇಟರ್‌ನ ರೀಸೆಟ್ ಸಮಯ. ಕೆಪಾಸಿಟರ್ ಖಾಲಿಯಾಗಲು ಒಂದು ಮೈಕ್ರೋಸೆಕೆಂಡ್ ಹಿಡಿದರೂ 1000 ಹರ್ಟ್ಸ್‌ನಲ್ಲಿ 1.7 ಸೆಂಟ್ ಇಳಿಕೆ, ಮೇಲೆ ಹೋದಷ್ಟೂ ಜಾಸ್ತಿ. ಎಎಸ್3340ಗೆ ಇದಕ್ಕೆಂದೇ ಒಂದು ಪಿನ್ ಇದೆ. ಇನ್ನೊಂದಕ್ಕೆ ಟೈಮಿಂಗ್ ಕೆಪಾಸಿಟರ್ ಜೊತೆ ಸರಣಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಹಾಕಿದೆ, ಸರಿಹೋಯಿತು. ಎಷ್ಟು ಓಮ್ ಅನ್ನುವುದು ನಿಮ್ಮ ಕೆಪಾಸಿಟರ್ ಮೇಲೆ ನಿಂತಿದೆ, ಕಿವಿಯಲ್ಲೇ ಹುಡುಕಿಕೊಳ್ಳಿ.

ರಿಪೇರಿಗೆ ಒಟ್ಟು ಎರಡು ಸಾವಿರದ ಒಳಗೇ ಮುಗಿದಿರಬೇಕು, ಬೆಂಗಳೂರಿನ ರೈಲು ಚಾರ್ಜ್ ಬಿಟ್ಟು. ಈ ಸಲದ ಗಣೇಶನ ಆರ್ಕೆಸ್ಟ್ರಾದಲ್ಲಿ ರಾತ್ರಿಯಿಡೀ ನುಡಿಸಿದೆ, ಫೈನ್ ನಾಬ್ ಒಂದು ಸಲವೂ ಮುಟ್ಟಲಿಲ್ಲ. ನಂಬದ ಗೆಳೆಯರಲ್ಲಿ ಒಬ್ಬ ಈಗ ತನ್ನ ಪ್ಯಾನೆಲ್‌ಗೂ ತೂತು ಕೊರೆಯಲು ಅಳತೆ ಕೇಳಿದ್ದಾನೆ. ಕಳಿಸಿದ್ದೇನೆ.